ಎಕ್ಸ್‌ರೇಯಲ್ಲಿ ಕಾಣದ ಗಾಯಕ್ಕೂ ಪರಿಹಾರವಿದೆ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಿಂದಲೋ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದಲೋ ಗುಳೆ ಹೋದ ಕೂಲಿಯೊಬ್ಬ ಬೆಂಗಳೂರಿನ ಕಟ್ಟಡವೊಂದರ ಸಾರುವೆಯಿಂದ ಬಿದ್ದನೆನ್ನಿ. ಮೂಳೆ ಕೂಡುತ್ತದೆ, ಹೊಲಿಗೆ ಬಿಚ್ಚುತ್ತಾರೆ. ಆಮೇಲೆ ಶುರುವಾಗುವುದೇ ಬೇರೆ. ರಾತ್ರಿ ಬೆಚ್ಚಿ ಏಳುತ್ತಾನೆ, ಏಣಿ ಕಂಡರೆ ಕಾಲು ನಡುಗುತ್ತದೆ. ಎಣಿಸಿದ ಸಿಮೆಂಟ್ ಚೀಲದ ಲೆಕ್ಕ ಮರೆತು ಮತ್ತೆ ಮೊದಲಿನಿಂದ ಎಣಿಸುತ್ತಾನೆ, ಹೆಂಡತಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾನೆ. ಮನೆಯವರು ‘ಅಂಜಿಕಿ ಆಗೇತಿ’ ಎಂದು ತಾಯಿತ ಕಟ್ಟಿಸುತ್ತಾರೆ. ಮೇಸ್ತ್ರಿ ಮಾತ್ರ ‘ಕೈಕಾಲು ನೆಟ್ಟಗದಾವಲ್ಲ, ನಾಟಕ ಮಾಡ್ತಾನ’ ಅನ್ನುತ್ತಾನೆ.

ಕಾನೂನು ಮೇಸ್ತ್ರಿಯ ಪಕ್ಷದಲ್ಲಿಲ್ಲ. 1923ರ ನೌಕರರ ಪರಿಹಾರ ಕಾಯ್ದೆ ಹೇಳಿದ್ದು ಕೆಲಸದಿಂದ, ಕೆಲಸದ ಅವಧಿಯಲ್ಲಿ ಆದ ಅವಘಡದ ‘ವೈಯಕ್ತಿಕ ಗಾಯ’ದ ಬಗ್ಗೆ, ದೇಹದ ಗಾಯ ಎಂದಷ್ಟೇ ಅಲ್ಲ. ಈ ಪದಗಳು ಬಂದದ್ದು ಇಂಗ್ಲೆಂಡಿನ ಕಾಯ್ದೆಯಿಂದ. ಅಲ್ಲಿ 1910ರಷ್ಟು ಹಿಂದೆಯೇ, ಅಪಘಾತಕ್ಕೀಡಾದ ಜೊತೆಗಾರನ ನೆರವಿಗೆ ಓಡಿದ ಕಲ್ಲಿದ್ದಲು ಗಣಿ ಕಾರ್ಮಿಕನಿಗಾದ ಮಾನಸಿಕ ಆಘಾತವೂ ಪರಿಹಾರಕ್ಕೆ ಅರ್ಹ ಗಾಯವೇ ಎಂದು ನ್ಯಾಯಾಲಯ ಒಪ್ಪಿತ್ತು. 2025ರ ನವೆಂಬರ್ 21ರಿಂದ ನಮ್ಮಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆಯ 7ನೇ ಅಧ್ಯಾಯ ಬಂದಿದೆ. ಮೂಲ ತತ್ವ ಬದಲಾಗಿಲ್ಲ. ಆ ದಿನಕ್ಕಿಂತ ಮೊದಲಿನ ಅವಘಡಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ತೊಡಕಿರುವುದು ಲೆಕ್ಕದಲ್ಲಿ. ಹಳೆಯ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಶೇ 30 ಎಂದು ಅಂಗಾಂಗಗಳಿಗೆ ದರ ಕಟ್ಟಿದ್ದಾರೆ. ನಿದ್ದೆಗೆ, ನೆನಪಿಗೆ, ಧೈರ್ಯಕ್ಕೆ ದರವಿಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ಪಟ್ಟಿಯಲ್ಲಿಲ್ಲದ ಗಾಯವಾದರೆ ದುಡಿಯುವ ಶಕ್ತಿ ಕಾಯಂ ಆಗಿ ಎಷ್ಟು ಕುಗ್ಗಿದೆ ಎಂದು ಅರ್ಹ ವೈದ್ಯರು ಅಳೆದು ಹೇಳಬೇಕು. ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಎಡಗೈ ಕಳೆದುಕೊಂಡ ಬಡಗಿಯನ್ನು ಸುಪ್ರೀಂ ಕೋರ್ಟ್ ಸಂಪೂರ್ಣ ಅಶಕ್ತನೆಂದೇ ಒಪ್ಪಿತು, ಏಕೆಂದರೆ ಒಂದೇ ಕೈಯಲ್ಲಿ ಬಡಗಿತನ ಸಾಗದು. ಎತ್ತರ ಹತ್ತಲಾರದ ಗಾರೆಯವನ ಪರವಾಗಿಯೂ ವಕೀಲರು ಇದೇ ದಾರಿಯಲ್ಲಿ ವಾದಿಸಬಹುದು.

ಹಣದ ಅಂದಾಜಿಗೆ ಹಳೆಯ ಕಾಯ್ದೆಯಡಿ ಬಂದ 2020ರ ಜನವರಿಯ ಅಧಿಸೂಚನೆ ನೋಡಿ: ತಿಂಗಳ ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ ಗರಿಷ್ಠ 15,000 ರೂಪಾಯಿ. ಅದರ ಶೇ 60ನ್ನು ವಯಸ್ಸಿನ ಗುಣಾಂಕದಿಂದ ಗುಣಿಸಬೇಕು. 40 ವರ್ಷದವನಿಗೆ ಅದು 184.17. ದುಡಿಮೆಯ ಶಕ್ತಿ ಶೇ 30 ಕುಗ್ಗಿದ್ದರೆ 4,97,259 ರೂಪಾಯಿ. ಚಿಕಿತ್ಸೆಯ ಖರ್ಚು ಬೇರೆ. ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ.

ಇಷ್ಟೂ ನಿಲ್ಲುವುದು ಕಾಗದದ ಮೇಲೆ. ಬಿದ್ದ ದಿನವೇ ಆಸ್ಪತ್ರೆಯ ಚೀಟಿಯಲ್ಲಿ ‘ಕೆಲಸದ ಜಾಗದಲ್ಲಿ ಬಿದ್ದದ್ದು’ ಎಂದು ಬರೆಸಿ; ‘ಮನೆಯಲ್ಲಿ ಜಾರಿಬಿದ್ದ’ ಎಂದು ಬರೆಸಲು ಯಾರಾದರೂ ಪುಸಲಾಯಿಸಿದರೆ ಒಪ್ಪಬೇಡಿ. ಎಚ್ಚರ ತಪ್ಪಿತ್ತೇ, ವಾಂತಿಯಾಗಿತ್ತೇ, ಅದೂ ದಾಖಲಾಗಲಿ. ತಲೆಗೆ ಪೆಟ್ಟು ಬಿದ್ದಾಗ ಸ್ಕ್ಯಾನ್ ಸರಿಯಿದ್ದರೂ ಗಮನ, ನೆನಪು, ಯೋಚನೆಯ ಚುರುಕು ಮಂಕಾಗಬಹುದು. ಆಘಾತದ ಭಯ ಕೆಲವರಲ್ಲಿ ಆರು ತಿಂಗಳ ನಂತರ ತಲೆ ಎತ್ತುವುದೂ ಉಂಟು. ಅದಕ್ಕೇ ಲಕ್ಷಣ ಕಂಡ ಕೂಡಲೇ ಮನೋವೈದ್ಯರ ಬಳಿ ಹೋಗಿ, ಪ್ರತಿ ಭೇಟಿಯ ಚೀಟಿ ಇಟ್ಟುಕೊಳ್ಳಿ. ಇದಕ್ಕೆ ನಾಚಿಕೆಪಡುವವರಿಗೆ ಒಂದು ಮಾತು ತಿಳಿದಿರಲಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ನಡೆಸಿದ್ದು ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ, ಎಂದರೆ ಇದೇ ಸೀಮೆಯಲ್ಲಿ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಗಲಿರುಳೂ.

ಮಾಲೀಕನಿಗೆ ಆದಷ್ಟು ಬೇಗ ಬರವಣಿಗೆಯಲ್ಲಿ ತಿಳಿಸಿ. ಪರಿಹಾರ ತೀರ್ಮಾನಿಸುವ ಪ್ರಾಧಿಕಾರಿಗೆ ಅರ್ಜಿ ಹಾಕಲು ಎರಡು ವರ್ಷದ ಗಡುವು. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರವೂ ಅವರಿಗಿದೆ. ಬಿದ್ದದ್ದು ಬೆಂಗಳೂರಿನಲ್ಲಾದರೂ ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು, ಗುಳೆ ಹೋದವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಗುತ್ತಿಗೆದಾರ ಫೋನ್ ಎತ್ತದಿದ್ದರೆ ಅವನಿಗೆ ಕೆಲಸ ಒಪ್ಪಿಸಿದ ಕಟ್ಟಡ ಕಂಪನಿಯೇ ಹೊಣೆ. ಇಎಸ್‌ಐ ಕಾರ್ಡ್ ಇದ್ದವರ ದಾರಿ ಬೇರೆ: ಅವರ ನಷ್ಟವನ್ನು ಇಎಸ್‌ಐನ ವೈದ್ಯಕೀಯ ಮಂಡಳಿ ಅಳೆಯುತ್ತದೆ. ಔದ್ಯೋಗಿಕ ಕಾರ್ಮಿಕರಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ವಕೀಲರನ್ನು ಉಚಿತವಾಗಿ ಒದಗಿಸುತ್ತದೆ, ಸಹಾಯವಾಣಿ 15100.

ಇಪ್ಪತ್ತು ಸಾವಿರ ಕೈಗಿಟ್ಟು ‘ಇನ್ನೇನೂ ಬಾಕಿ ಇಲ್ಲ’ ಎಂದು ಛಾಪಾಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಮಾಮೂಲು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನ ಕಣ್ಣಿಗೆ ಶೂನ್ಯ, ಒತ್ತಿದವರೂ ಅರ್ಜಿ ಹಾಕಬಹುದು. ಬುದ್ಧಿ ಮಂಕಾಗಿ ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದವನೆಂದು ಕಾನೂನು ಒಪ್ಪಿದವನ ವಿಷಯದಲ್ಲಿ ಇನ್ನೂ ಬಿಗಿ: ಒಟ್ಟು ಮೊತ್ತವನ್ನು ಅವನ ಕೈಗಾಗಲಿ ಅಣ್ಣತಮ್ಮಂದಿರ ಕೈಗಾಗಲಿ ಕೊಡುವಂತಿಲ್ಲ. ಮಾಲೀಕ ಅದನ್ನು ಪರಿಹಾರ ಪ್ರಾಧಿಕಾರಿಯಲ್ಲೇ ಠೇವಣಿ ಇಡಬೇಕು. ಆ ಹಣ ಗಾಯಾಳುವಿನ ಒಳಿತಿಗೆ ಹೇಗೆ ಬಳಕೆಯಾಗಬೇಕೆಂದು ಅವರೇ ಆದೇಶಿಸುತ್ತಾರೆ.