ಅನಿಲವನ್ನು ಕಳೆದುಕೊಳ್ಳುವ ಗೆಲಾಕ್ಸಿಗಳು

ಜ್ಯೇಷ್ಠಮಾಸದ ಮಧ್ಯಾಹ್ನ ಕಿದ್ವಾಯಿ ನಗರದ ಮಹಡಿಯ ಮೇಲೆ ಒದ್ದೆ ಪಂಚೆಯನ್ನು ಹರವಿದವರಿಗೆ 'ಲೂ' ಎಂಬ ಬಿಸಿಗಾಳಿಯ ಪ್ರತಾಪವನ್ನು ವಿವರಿಸಬೇಕಾಗಿಲ್ಲ. ಹಿಂಡುವ ಕೈಯಿಲ್ಲದೆಯೇ ನೀರೆಲ್ಲ ಮಾಯವಾಗುತ್ತದೆ. ಗೆಲಾಕ್ಸಿಗಳ ಬಾಳಿನಲ್ಲಿಯೂ ಇಂಥದೊಂದು ಒಣಗುವಿಕೆ ಉಂಟು.

ಗೆಲಾಕ್ಸಿಯೆಂದರೆ ನಕ್ಷತ್ರಗಳ ಮಹಾಸಮೂಹ. ನಮ್ಮ ಸೂರ್ಯನಿರುವ ಆಕಾಶಗಂಗೆ ಅಂಥದೊಂದು. ನಕ್ಷತ್ರಗಳ ನಡುವೆ ಹರಡಿರುವ ಅನಿಲ, ಮುಖ್ಯವಾಗಿ ಜಲಜನಕ, ಹೊಸ ನಕ್ಷತ್ರಗಳಿಗೆ ಮೂಲಸಾಮಗ್ರಿ. ಅದು ತೀರಿತೆಂದರೆ ಇರುವ ನಕ್ಷತ್ರಗಳು ಮುಪ್ಪಾಗುತ್ತ ಹೋಗುವುವೇ ಹೊರತು ಹೊಸವು ಹುಟ್ಟಲಾರವು.

ದೊಡ್ಡ ಗೆಲಾಕ್ಸಿಯ ಆಕರ್ಷಣೆಗೆ ಸಿಲುಕಿ ಅದನ್ನು ಸುತ್ತುವ ಚಿಕ್ಕವನ್ನು ಅನುಚರ ಗೆಲಾಕ್ಸಿಗಳೆನ್ನಬಹುದು. ಆಕಾಶಗಂಗೆಗೂ ಇಂಥವು ಅನೇಕ ಇವೆ. ಮೆಗಲಾನ್ ಮೇಘಗಳೆರಡನ್ನು ಬಿಟ್ಟರೆ, ಸುಮಾರು 9 ಲಕ್ಷ ಜ್ಯೋತಿರ್ವರ್ಷಗಳ ಒಳಗಿರುವ ಕುಬ್ಜ ಅನುಚರಗಳಲ್ಲಿ ಜಲಜನಕ ಬಹುಮಟ್ಟಿಗೆ ಕಾಣಬರುವುದಿಲ್ಲ. ಸುಮಾರು 13 ಲಕ್ಷ ಜ್ಯೋತಿರ್ವರ್ಷ ದೂರದ 'ಲಿಯೋ ಟಿ' ಎಂಬ ಅತಿ ಪುಟ್ಟ ಗೆಲಾಕ್ಸಿಯಲ್ಲಾದರೋ ಅದು ಇನ್ನೂ ಉಳಿದಿದೆ. ಹತ್ತಿರ ಬಂದವೇ ಬರಿದಾದುವು! ಅಪಹರಿಸಿದವರಾರು?

ಮೊದಲ ಸಂದೇಹ ಗಾಳಿಯ ಮೇಲೆ. ಗಾಳಿ ಬೀಸದ ದಿನವೂ ಸೈಕಲ್ಲಿನಲ್ಲಿ ವೇಗವಾಗಿ ಹೋಗುವವನ ಉತ್ತರೀಯ ಹಿಂದಕ್ಕೆ ಹಾರುತ್ತದಲ್ಲವೆ? ಗೆಲಾಕ್ಸಿಗಳ ನಡುವಣ ಪ್ರದೇಶ ಶೂನ್ಯವಲ್ಲ. ಅಲ್ಲಿ ಅತಿ ವಿರಳವಾದ, ಕಾದ ಅನಿಲವಿದೆ. ಅದರೊಳಗೆ ಧಾವಿಸುವ ಅನುಚರದ ಅನಿಲ ಹಿಂದಕ್ಕೆ ತಳ್ಳಲ್ಪಡುತ್ತದೆ. ನಕ್ಷತ್ರಗಳು ಮಾತ್ರ ಅಲುಗುವುದಿಲ್ಲ. 1972ರಲ್ಲಿ ಗನ್ ಮತ್ತು ಗಾಟ್ ಎಂಬ ವಿಜ್ಞಾನಿಗಳು ಈ ಒತ್ತಡವನ್ನು ಲೆಕ್ಕಹಾಕಿದರು. ಹೊರಗಿನ ಅನಿಲದ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿದರೆ ಅದು ದೊರೆಯುತ್ತದೆ. ನೂರಾರು ಗೆಲಾಕ್ಸಿಗಳ ಮಹಾಗುಚ್ಛಗಳಲ್ಲಿ ವೇಗ ಸೆಕೆಂಡಿಗೆ ಸುಮಾರು 1000 ಕಿಲೋಮೀಟರು. ಸಣ್ಣ ಗುಂಪಿನಲ್ಲಿ 250 ಎನ್ನೋಣ. ವೇಗ ಕಾಲುಭಾಗವಾದರೆ ಒತ್ತಡ ಹದಿನಾರರಲ್ಲೊಂದು ಪಾಲು. ಅನಿಲವೂ ತೆಳುವಾದುದರಿಂದ ಇನ್ನೂ ಕಡಿಮೆ. ಆದುದರಿಂದ ಸಣ್ಣ ಗುಂಪುಗಳಲ್ಲಿ ಗಾಳಿ ನಿರಪರಾಧಿ, ನೆರೆಯ ಗೆಲಾಕ್ಸಿಗಳ ಗುರುತ್ವದ ಸೆಳೆತವೇ ಕಾರಣ ಎಂದು ಭಾವಿಸುವುದು ಸಹಜವಾಗಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಚಂದ್ರೇಯೀ ಸೇನ್‌ಗುಪ್ತ ಮತ್ತು ರಮೇಶ್ ಬಾಲಸುಬ್ರಹ್ಮಣ್ಯಂ 2006ರಲ್ಲಿ ಈ ಭಾವನೆಯನ್ನು ಒರೆಗೆ ಹಚ್ಚಿದರು. ಜಲಜನಕವು 21 ಸೆಂಟಿಮೀಟರು ಉದ್ದದ ರೇಡಿಯೋ ಅಲೆಗಳನ್ನು ಸೂಸುತ್ತದೆ. ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೋ ದೂರದರ್ಶಕ ಸಂಗ್ರಹಿಸಿದ ಆ ಅಲೆಗಳ ದಾಖಲೆಯೇ ಅವರ ತಕ್ಕಡಿ. ಕ್ಷ-ಕಿರಣ ಸೂಸುವ ಗುಂಪುಗಳನ್ನು ಒಂದು ಕಡೆಗೆ, ಅದು ಕಾಣದವನ್ನು ಇನ್ನೊಂದು ಕಡೆಗೆ ಇಟ್ಟು ತೂಗಿದರು. ಹರಡಿದ ಕ್ಷ-ಕಿರಣವೆಂದರೆ ನಡುವಣ ಅನಿಲ ಕೋಟಿ ಡಿಗ್ರಿಯ ಆಸುಪಾಸಿನಲ್ಲಿ ಕಾದಿದೆಯೆಂಬುದರ ಕುರುಹು. ಮೊದಲನೆಯ ಬಗೆಯ ಗುಂಪುಗಳ ಗೆಲಾಕ್ಸಿಗಳಲ್ಲಿ ಸರಾಸರಿಯಾಗಿ ಜಲಜನಕದ ಕೊರತೆ ಕಂಡಿತು. ಎರಡನೆಯದರಲ್ಲಿ ಹೇಳಿಕೊಳ್ಳುವಂಥ ಕೊರತೆಯಿರಲಿಲ್ಲ. ಸೆಳೆತವೊಂದೇ ಕಾರಣವಾಗಿದ್ದರೆ ಈ ಭೇದವೇಕೆ? ಸೆಳೆತದಿಂದ ಸಡಿಲಗೊಂಡ ಅನಿಲವನ್ನು ಗಾಳಿ ಒಯ್ದಿರಬಹುದು. ಅಥವಾ ನಮ್ಮ ಮಹಡಿಯ ಪಂಚೆಯಂತೆ, ಸುತ್ತಲಿನ ಶಾಖಕ್ಕೆ ತಣ್ಣನೆಯ ಅನಿಲ ಆವಿಯಾಗಿ ಹೋಗಿರಬಹುದು. ಈ ಎರಡು ಸಾಧ್ಯತೆಗಳನ್ನು ಅವರು ಸೂಚಿಸಿದರು. ಒಂದು ತೊಡಕು ಉಳಿಯಿತು: ಕ್ಷ-ಕಿರಣ ಪ್ರಖರವಾದಷ್ಟೂ ಕೊರತೆ ಹೆಚ್ಚಬೇಕೆಂದು ನಾವು ಎಣಿಸುತ್ತೇವೆ; ಅಂಥ ಕ್ರಮಬದ್ಧ ಸಂಬಂಧ ದೊರೆಯಲಿಲ್ಲ.

ದೆಹಲಿಯ ಕ್ಷಿತಿಜದ ಮೇಲಕ್ಕೆ ಎಂದೂ ಏರದ ಮೆಗಲಾನ್ ಮೇಘಗಳ ಹಿಂದೆ ಜಲಜನಕದ ನೀಳವಾದ ಪ್ರವಾಹವೊಂದು ಎಳೆದುಕೊಂಡಿದೆ. ಅದರಲ್ಲಿಯೂ ಸೆಳೆತದ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ.