ಹಂಡೆ ತೊಳೆದಾಯ್ತು, ಚಿಮಣಿ?

ನೀರು ತುಂಬುವ ಹಬ್ಬದ ದಿನ ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜಿ, ನೀರು ತುಂಬಿ ಪೂಜೆ ಮಾಡ್ತೀವಿ. ಆದರೆ ಅದೇ ಒಲೆಯ ಚಿಮಣಿಯೊಳಗೆ ಇಣುಕಿ ನೋಡೋರು ಕಡಿಮೆ. ಮೈಸೂರಿನ ಕೆಲವು ಹಳೇ ಮನೆಗಳಲ್ಲಿ ಬಚ್ಚಲೊಲೆ ಇನ್ನೂ ಉರಿಯುತ್ತಿದೆ. ಅದಕ್ಕೇ ಈ ಸಲ ಚಿಮಣಿ ಪಾಠ.

ಫ್ಯಾನ್ ಇಲ್ಲದೆ ಚಿಮಣಿ ಹೊಗೆಯನ್ನು ಹೇಗೆ ಎಳೆಯುತ್ತೆ? ಬಿಸಿ ಗಾಳಿ ಹಗುರ, ಅದಕ್ಕೇ ಮೇಲೇರುತ್ತೆ. ಒಂದು ಲೆಕ್ಕ ಮಾಡೋಣ. ಚಿಮಣಿ 3 ಮೀಟರ್ ಎತ್ತರ ಇದೆ, ಹೊರಗೆ 27 ಡಿಗ್ರಿ, ಒಳಗೆ ಸರಾಸರಿ 150 ಡಿಗ್ರಿ ಸೆಲ್ಸಿಯಸ್ ಅಂದ್ಕೊಳ್ಳಿ. ಗಾಳಿಯ ಸಾಂದ್ರತೆ ಹೊರಗೆ ಘನ ಮೀಟರಿಗೆ 1.18 ಕೆಜಿ, ಒಳಗೆ 0.83 ಕೆಜಿ. ವ್ಯತ್ಯಾಸ 0.35. ಇದನ್ನು 9.8 ಮತ್ತು 3ರಿಂದ ಗುಣಿಸಿದರೆ ಸುಮಾರು 10 ಪಾಸ್ಕಲ್. ಅಂದರೆ ಬರೀ 1 ಮಿಲಿಮೀಟರ್ ನೀರಿನ ಒತ್ತಡ! ಮೈಸೂರು ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರೋದರಿಂದ ನಮ್ಮಲ್ಲಿ ಇನ್ನೂ ಸ್ವಲ್ಪ ಕಡಿಮೆ.

ಇಷ್ಟು ಸಣ್ಣ ಎಳೆತ ನಿಲ್ಲೋಕೆ ಒಂದು ಹಕ್ಕಿಗೂಡು ಅಥವಾ ದಪ್ಪಗೆ ಕಟ್ಟಿದ ಮಸಿ ಸಾಕು. ಆಗ ಹೊಗೆ ಬಚ್ಚಲಿಗೇ ವಾಪಸ್ ಬರುತ್ತೆ. ಹೊಗೆ ಕಣ್ಣಿಗೆ ಕಾಣುತ್ತೆ, ಜೊತೆಗಿರೋ ಕಾರ್ಬನ್ ಮಾನಾಕ್ಸೈಡ್ ಕಾಣಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಹೊಗೆ ನಿಂತ ಮೇಲೂ ಕೆಂಡದಿಂದ ಅದು ಬರ್ತಾನೇ ಇರುತ್ತೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವಾಗ ಇದೇ ಅಪಾಯ.

ಹಾಗಾದರೆ ಏನು ಮಾಡಬೇಕು?

1. ಒಲೆ ಪೂರ್ತಿ ಆರಿ ತಣ್ಣಗಾದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಉದ್ದ ಕೋಲಿಗೆ ಬ್ರಷ್ ಕಟ್ಟಿ ಮಸಿ ಉದುರಿಸಿ. ದಪ್ಪ ಮಸಿಗೆ ಬೆಂಕಿ ಹತ್ತಿದರೆ ಚಿಮಣಿಯೇ ಉರಿಯುತ್ತೆ.
2. ಕೊಳವೆಯಲ್ಲಿ ಬಿರುಕು, ತೂತು ಇದೆಯಾ ನೋಡಿ. ಮೇಲ್ತುದಿಗೆ ಮಳೆ ಬೀಳದಂತೆ ಟೋಪಿ ಇರಲಿ.
3. ಒಣಗಿದ ಸೌದೆ, ತೆಂಗಿನ ಚಿಪ್ಪು ಹಾಕಿ. ಹಸಿ ಸೌದೆಯಿಂದ ಮಸಿ ಬೇಗ ಕಟ್ಟುತ್ತೆ. ಪ್ಲಾಸ್ಟಿಕ್ ಬೇಡವೇ ಬೇಡ.
4. ಬೂದಿಯನ್ನು ತಗಡಿನ ಬಕೆಟ್‌ಗೇ ತುಂಬಿ. ಒಳಗೆ ಕೆಂಡ ಅಡಗಿರುತ್ತೆ.
5. ಬಚ್ಚಲಿನ ಗಾಳಿಕಿಂಡಿ ಮುಚ್ಚಬೇಡಿ. ತಲೆನೋವು, ತಲೆಸುತ್ತು ಬಂದರೆ ತಕ್ಷಣ ಹೊರಗೆ ಬಂದು ಆಸ್ಪತ್ರೆಗೆ ಹೋಗಿ.

ನಮ್ಮ ರೂಮಲ್ಲಿ ಒಲೆ ಎಲ್ಲಿದೆ ಅಂತೀರಾ? ಗ್ಯಾಸ್ ಗೀಸರ್ ಇದ್ದರೆ ಅದೂ ಒಲೆಯೇ. ಗಾಳಿಯಾಡದ ಬಾತ್‌ರೂಮಿನಲ್ಲಿ ಅದರಿಂದಲೂ ಇದೇ ಅನಿಲ ತುಂಬಿಕೊಳ್ಳಬಹುದು.

ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ಹಂಡೆ ಉಜ್ಜೋ ಕೆಲಸ ಅಮ್ಮನ ಪಾಲಿಗೇ ಬಿಡೋದು ಬೇಡ. ಅದರ ಜೊತೆ ಚಿಮಣಿಯನ್ನೂ ನಾವೇ ಕ್ಲೀನ್ ಮಾಡೋಣ.