ಪೆಟ್ಟಿಗೆಯ ತಳದಲ್ಲಿರುವ ಹಳೆಯ ವಸ್ತು

ಓದತಕ್ಕ ಭಾಗಗಳು: ಯೆಹೋಶುವ 4 ಮತ್ತು 7ನೆಯ ಅಧ್ಯಾಯಗಳು, 2 ಅರಸುಗಳು 18:1-7.

ಎಷ್ಟು ಬಡ ಕುಟುಂಬವಾದರೂ ಅಪೂರ್ವವೆಂದು ಎತ್ತಿಟ್ಟ ಒಂದು ವಸ್ತುವಿಲ್ಲದ ಮನೆಯು ವಿರಳವು. ಅಜ್ಜಿಯ ಕಾಲದ ಬೆಳ್ಳಿಯ ಡಾಬು, ತಾತನು ದೀಕ್ಷಾಸ್ನಾನ ಹೊಂದಿದ ದಿನ ಉಪದೇಶಿಯವರು ಕೈಗೆ ಕೊಟ್ಟ ಸತ್ಯವೇದ, ಹೊಲ ಉಳುವಾಗ ಸಿಕ್ಕಿದ ಹಳೆಯ ನಾಣ್ಯ, ಇಂಥದೊಂದು ಪೆಟ್ಟಿಗೆಯ ತಳದಲ್ಲಿ ಬಟ್ಟೆಯ ಗಂಟಿನೊಳಗೆ ಇದ್ದೇ ಇರುವದು. ಹೀಗೆ ಇಟ್ಟುಕೊಳ್ಳುವದು ವಿಶ್ವಾಸಿಗೆ ಯುಕ್ತವೋ ಎಂದು ಕೆಲವರು ಕೇಳುವದುಂಟು. ಯೆಹೋಶುವನ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಆದರೆ ಅದನ್ನು ಕಾಣಬೇಕಾದರೆ ಮೇಲೆ ಹೇಳಿದ ಎರಡು ಅಧ್ಯಾಯಗಳನ್ನು ಒಟ್ಟಾಗಿ ಓದಬೇಕು.

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗ ಕುಲಕ್ಕೊಬ್ಬನಂತೆ ಹನ್ನೆರಡು ಮಂದಿ ಹೊಳೆಯ ನಡುವಿನಿಂದ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತಂದರು. ಯೆಹೋಶುವನು ಅವುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದನು. ಪೇಟೆಯಲ್ಲಿ ಅವಕ್ಕೆ ಒಂದು ಕಾಸಿನ ಬೆಲೆಯೂ ಇಲ್ಲ. ಮುಂದೆ ಮಕ್ಕಳು ಇವೇನೆಂದು ಕೇಳುವರು, ಆಗ ತಂದೆಯು ದೇವರು ಮಾಡಿದ್ದನ್ನು ಹೇಳುವನು. ಇದಕ್ಕಾಗಿಯೇ ಅವುಗಳನ್ನು ನಿಲ್ಲಿಸಿದ್ದು. ಊರೂರಿಗೂ ವೀರಗಲ್ಲುಗಳಿರುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣರವರು ಕಂಡುಹಿಡಿದ ಶಾಸನವನ್ನೇ ನೋಡಿರಿ. ಅದು ಸುಮಾರು ಕ್ರಿ. ಶ. 450ರದೆಂದು ಎಣಿಸಲ್ಪಟ್ಟು, ಕನ್ನಡದ ಅತಿ ಹಳೆಯ ಬರವಣಿಗೆಗಳಲ್ಲಿ ಒಂದಾಗಿದೆ. ಕಾಳಗದಲ್ಲಿ ಪರಾಕ್ರಮ ತೋರಿಸಿದವನಿಗೆ ಗ್ರಾಮಗಳನ್ನು ದತ್ತಿಯಾಗಿ ಕೊಟ್ಟ ಸಂಗತಿಯು ಅದರ ಹದಿನಾರು ಸಾಲುಗಳಲ್ಲಿ ಅಡಗಿದೆ. ಚಿನ್ನವಲ್ಲ, ಬರೀ ಕಲ್ಲು. ಆದರೂ ಅದು ಮಾತನಾಡುತ್ತದೆ.

ಇನ್ನು ಏಳನೆಯ ಅಧ್ಯಾಯಕ್ಕೆ ಬನ್ನಿರಿ. ಯೆರಿಕೋವಿನ ಕೊಳ್ಳೆಯಲ್ಲಿ ಆಕಾನನು ಒಂದು ಚಂದದ ನಿಲುವಂಗಿಯನ್ನೂ ಇನ್ನೂರು ಶೆಕೆಲ್ ಬೆಳ್ಳಿಯನ್ನೂ ಐವತ್ತು ಶೆಕೆಲ್ ತೂಕದ ಚಿನ್ನದ ಗಟ್ಟಿಯನ್ನೂ ಕಂಡು ಆಶಿಸಿ ತೆಗೆದುಕೊಂಡನು. ಶೆಕೆಲ್ ಎಂಬದು ಹೆಚ್ಚು ಕಡಿಮೆ ನಮ್ಮ ಒಂದು ತೊಲದಷ್ಟು. ಐವತ್ತು ತೊಲ ಚಿನ್ನವೆಂದರೆ ಯಾರ ಕಣ್ಣು ತಾನೇ ಅರಳದು? ಆದರೆ ಅದನ್ನು ಅವನು ಎಲ್ಲಿಟ್ಟನು? ಗುಡಾರದೊಳಗೆ ನೆಲವನ್ನು ಅಗೆದು ಹೂಣಿಟ್ಟನು. ಅವನ ಮಗನು ತಂದೆಯನ್ನು ಅಪ್ಪಾ, ಇದೇನೆಂದು ಕೇಳಿದ್ದರೆ ಅವನ ಬಾಯಲ್ಲಿ ಯಾವ ಉತ್ತರವಿತ್ತು? ಗಿಲ್ಗಾಲಿನ ಕಲ್ಲುಗಳಿಗೂ ಆಕಾನನ ಗಟ್ಟಿಗೂ ಇರುವ ಭೇದವು ಇಲ್ಲಿಯೇ ಇದೆ, ಬೆಲೆಯಲ್ಲಿ ಅಲ್ಲ.

ಈ ಮಾತು ಹಳೇಬೀಡಿನ ಸುತ್ತಣ ಸಭೆಗಳವರಿಗೆ ವಿಶೇಷವಾಗಿ ತಟ್ಟತಕ್ಕದ್ದು. ಹಳೇಬೀಡು ಪೂರ್ವದಲ್ಲಿ ದೋರಸಮುದ್ರವೆಂಬ ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನು ಅದರ ಐಶ್ವರ್ಯವನ್ನು ದಿಲ್ಲಿಗೆ ಹೊತ್ತುಕೊಂಡು ಹೋದನು. ಉಳಿದದ್ದು ಕೊಪ್ಪರಿಗೆಗಳಲ್ಲಿ ನೆಲದಡಿ ಇದೆಯೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಅಂಜನ ಹಾಕಿಸಿ ನಿಧಿ ನೋಡಿಸುವವರೂ ಇದ್ದಾರೆ. ಆ ಅಂಜನಗಾರನ ಬಳಿಗೆ ಹೋಗುವ ವಿಶ್ವಾಸಿಯು ತಾನು ಬಿಟ್ಟುಬಂದದ್ದಕ್ಕೆ ಹಿಂದಿರುಗುತ್ತಾನೆ. ಇದಕ್ಕಿಂತ ಹೆಚ್ಚಾಗಿ ಇದರ ವಿಷಯ ಬರೆಯುವದು ಬೇಡ. ಆದರೆ ಹುಡುಕದೆಯೇ ಸಿಕ್ಕಿದರೆ? ವಿಷ್ಣುವರ್ಧನನ ಚಿನ್ನದ ಗದ್ಯಾಣಗಳಿವೆ. ಒಂದು ಮಗ್ಗುಲಲ್ಲಿ ಸಿಂಹ, ಇನ್ನೊಂದರಲ್ಲಿ ತಲಕಾಡುಗೊಂಡ ಎಂಬಂಥ ಅವನ ಬಿರುದು ಕನ್ನಡ ಅಕ್ಷರಗಳಲ್ಲಿ. ಇಂಥದೊಂದು ನೇಗಿಲಿಗೆ ಸಿಕ್ಕಿತೆಂದರೆ ಗುಟ್ಟಾಗಿ ಕೊಂಡು ಅರಸೀಕೆರೆಯಲ್ಲಿ ರೈಲು ಹತ್ತುವ ವ್ಯಾಪಾರಿಗೇನು ಕೊರತೆ? ಮಗಳ ಮದುವೆಯೂ ಸಾಲಗಾರನ ಕಾಟವೂ ಇರುವವನಿಗೆ ಇದು ಸಣ್ಣ ಶೋಧನೆಯಲ್ಲ, ಅದನ್ನು ಬಲ್ಲೆವು. ಆದರೂ ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾನೂನಿನಲ್ಲಿಯೇ ವಿಧಿಯಿತ್ತು. ನಮ್ಮ ರಾಜ್ಯದಲ್ಲಿ 1962ರಲ್ಲಿ ಪ್ರತ್ಯೇಕ ಕಾನೂನೂ ಆಯಿತು. ಕರ್ತನ ಸಾಮ್ಯದಲ್ಲಿ (ಮತ್ತಾಯ 13:44) ಒಬ್ಬನು ನಿಧಿಯನ್ನು ಮುಚ್ಚಿಟ್ಟನಲ್ಲಾ ಎಂದು ಯಾರಾದರೂ ವಾದಿಸಿಯಾರು. ಅಲ್ಲಿ ಕರ್ತನು ಪರಲೋಕರಾಜ್ಯದ ಬೆಲೆಯನ್ನು ತಿಳಿಸುತ್ತಾನೆ. ಅದನ್ನು ಹೊಲದ ಗದ್ಯಾಣಕ್ಕೆ ನೆವವಾಗಿ ಮಾಡಿಕೊಳ್ಳಬಾರದು.

ಬೈಲಿನಲ್ಲಿ, ಒಳ್ಳೆಯ ಉದ್ದೇಶದಿಂದ ಇಟ್ಟ ವಸ್ತುವೂ ಕೆಡಬಹುದು. ಮೋಶೆಯು ಅಡವಿಯಲ್ಲಿ ಮಾಡಿದ ತಾಮ್ರದ ಸರ್ಪವನ್ನು ಜನರು ತಲೆತಲಾಂತರವಾಗಿ ಕಾಪಾಡಿಕೊಂಡು ಬಂದರು. ಅಷ್ಟು ಹಳೆಯದೂ ಪವಿತ್ರ ಚರಿತ್ರೆಯುಳ್ಳದ್ದೂ ಆದ ವಸ್ತು ಇಸ್ರಾಯೇಲಿನಲ್ಲಿ ಎಷ್ಟಿದ್ದವು? ಆದರೂ ಜನರು ಅದಕ್ಕೆ ಧೂಪ ಹಾಕಲಾರಂಭಿಸಿದ್ದರಿಂದ ಅರಸನಾದ ಹಿಜ್ಕೀಯನು ಅದನ್ನು ಚೂರುಚೂರು ಮಾಡಿಸಿದನು. ನಮ್ಮ ಮನೆಗಳಲ್ಲಿ ತಾತನ ಸತ್ಯವೇದಕ್ಕೆ ಈ ಗತಿ ಬಂದದ್ದುಂಟು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಕೂಸಿಗೆ ಜ್ವರ ಬಂದಾಗ ದಿಂಬಿನ ಕೆಳಗಿಟ್ಟು, ಮತ್ತೆ ಸುತ್ತಿಡುತ್ತಾರೆ, ತೆರೆದು ಓದುವವರಿಲ್ಲ.

ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಬಹು ವರ್ಷಗಳ ಶ್ರಮದಿಂದ ಕನ್ನಡದ ಸಮಗ್ರ ಸತ್ಯವೇದವು 1831ರಲ್ಲಿ ಅಚ್ಚಾಯಿತು. ಆ ಕಾಲದ ಪ್ರತಿಯೊಂದು ಯಾರ ಮನೆಯಲ್ಲಾದರೂ ಇದ್ದರೆ ಅದು ನಿಜವಾಗಿಯೂ ಅಪೂರ್ವವೇ. ಗೆದ್ದಲು ಮುಟ್ಟದಂತೆ ನೆಲಕ್ಕೂ ಗೋಡೆಗೂ ತಾಗಿಸದೆ ಇಡಿರಿ. ಹಾಳೆಗಳು ಮುರಿಯುವಂತಿದ್ದರೆ ಬಿಸಿಲಿಗೆ ಹಾಕಬೇಡಿರಿ. ಮೊದಲ ಪುಟದಲ್ಲಿ ಹಿರಿಯರು ಜನನ, ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿದ್ದರೆ, ಮಸಿ ಮಾಸುವದಕ್ಕೆ ಮುಂಚೆ ಆ ಹೆಸರುಗಳನ್ನು ಶಾಲೆಗೆ ಹೋಗುವ ಹುಡುಗನಿಂದ ಓದಿಸಿ, ಮನೆಯವರು ಈಗ ದಿನವೂ ಓದುವ ಸತ್ಯವೇದದ ಮೊದಲ ಪುಟದಲ್ಲಿ ಅವನ ಕೈಯಿಂದಲೇ ಬರೆಯಿಸಿರಿ. ಇವರು ಯಾರೆಂದು ಅವನು ಕೇಳುವನು.